ಆ ಓ-ರಿಂಗ್ ಯಾರದು?

ಹೊಸ ಓ-ರಿಂಗ್ ಹಾಕಿದ ಡಿನ್ ರೆಗ್ಯುಲೇಟರನ್ನು ಸಿಲಿಂಡರಿನ ಬಾಯಿಗೆ ಕೊಟ್ಟು ತಿರುಗಿಸುವುದೇ ಒಂದು ಸುಖ. ಮೊದಲ ಥ್ರೆಡ್ ಸರಿಯಾಗಿ ಕೂತರೆ ಉಳಿದವು ಎರಡೇ ಬೆರಳಿಗೆ ಸಲೀಸಾಗಿ ಹೋಗುತ್ತವೆ. ಕೊನೆಗೆ ಲೋಹಕ್ಕೆ ಲೋಹ ಮುಟ್ಟಿ ಚಕ್ರ ಮೆತ್ತಗೆ ನಿಲ್ಲುತ್ತದೆ. ವಾಲ್ವ್ ತೆರೆದರೆ ಗಾಳಿ ಒಮ್ಮೆ ಭುಸ್ಸೆಂದು ಹೋಸಿಗೆ ನುಗ್ಗುತ್ತದೆ, ಆಮೇಲೆ ಸದ್ದಿಲ್ಲ. ಸಿಲಿಂಡರಿನ ಕತ್ತಿಗೆ ಕಿವಿಗೊಟ್ಟು ಅದನ್ನು ಖಚಿತಪಡಿಸಿಕೊಳ್ಳದೆ ನಾನು ನೀರಿಗಿಳಿಯುವುದಿಲ್ಲ.

ವಾಲ್ವಿನ ಮೇಲೆ ತಿರುಪಿನಿಂದ ಬಿಗಿಯುವ ಯೋಕೋ, ಹೀಗೆ ಒಳಕ್ಕೆ ತಿರುಗಿಸುವ ಡಿನ್ನೋ ಎಂಬ ಮಾತು ಬಂದಾಗಲೆಲ್ಲ ಜನ ಒತ್ತಡದ ಲೆಕ್ಕ ತೆಗೆಯುತ್ತಾರೆ. ಯೋಕ್‌ಗೆ ಸುಮಾರು 232 ಬಾರ್ ಮಿತಿ, ಏಳು ಸುತ್ತಿನ ಡಿನ್‌ಗೆ 300. ಲೆಕ್ಕ ಸರಿಯೇ. 3442 ಪಿಎಸ್‌ಐ ಸ್ಟೀಲ್ ಸಿಲಿಂಡರ್ ಬೆನ್ನಿಗೇರಿಸುವವರಿಗೆ, ಗುಹೆಯ ಮಾಡಿಗೆ ತಲೆ ತಾಗಿಸಿಕೊಂಡು ಈಜುವವರಿಗೆ ಅದೇ ದೊಡ್ಡದು. ಆದರೆ ನಮ್ಮ ನೇತ್ರಾಣಿಯ ದೋಣಿಯಲ್ಲಿ ಸಾಲಾಗಿ ಕಟ್ಟಿರುವುದು 207 ಬಾರ್‌ನ ಅಲ್ಯೂಮಿನಿಯಂ ಸಿಲಿಂಡರು. ಅಲ್ಲಿ ಯೋಕ್ ಧಾರಾಳವಾಗಿ ಸಾಕು. ಆದರೂ ನಾನು ಡಿನ್ ಬಿಡದಿರುವುದಕ್ಕೆ ಕಾರಣ ಒಂದೇ: ಯೋಕ್‌ನಲ್ಲಿ ಓ-ರಿಂಗ್ ಇರುವುದು ಸಿಲಿಂಡರಿನ ವಾಲ್ವಿನಲ್ಲಿ, ಡಿನ್‌ನಲ್ಲಿ ಇರುವುದು ನನ್ನ ರೆಗ್ಯುಲೇಟರಿನ ತುದಿಯಲ್ಲಿ. ಅದನ್ನು ತೊಳೆಯುವುದೂ ಬದಲಾಯಿಸುವುದೂ ನನ್ನ ಕೆಲಸ. ವಾಲ್ವಿನ ಓ-ರಿಂಗ್ ಎಷ್ಟು ಜನರ ಕೈದಾಟಿ ಬಂದಿದೆಯೋ ಯಾರಿಗೂ ಗೊತ್ತಿರುವುದಿಲ್ಲ.

ಹತ್ತಿರದಿಂದ ನೋಡಿದರೆ ಅದರ ಅವಸ್ಥೆ ತಿಳಿಯುತ್ತದೆ. ಒಂದು ಮಗ್ಗುಲು ಚಪ್ಪಟೆ, ಅಂಚಿನಲ್ಲಿ ಉಗುರು ತಾಕುವಷ್ಟು ಸೀಳು, ಪಕ್ಕದಲ್ಲಿ ಒಣಗಿದ ಉಪ್ಪಿನ ಹರಳು. ವಾಲ್ವ್ ತೆರೆದೊಡನೆ ಸಿಳ್ಳೆ ಶುರು. ಆಗ ಪಕ್ಕದ ಹುಡುಗ, "ಅಣ್ಣಾ, ಇನ್ನೊಂಚೂರು ಟೈಟ್ ಮಾಡಿದ್ರೆ ಸರಿಹೋಗುತ್ತೆ" ಎಂದು ತಿರುಪಿಗೆ ಕೈಹಾಕುತ್ತಾನೆ. ನನಗೆ ಮೈಯುರಿಯುವುದು ಇಲ್ಲೇ. ಕುಕ್ಕರಿನ ಗ್ಯಾಸ್ಕೆಟ್‌ನಂತೆ ಇದನ್ನೂ ಬಿಗಿಯಾಗಿ ಕೂರಿಸುವುದು ಒಳಗಿನ ಒತ್ತಡವೇ. ತೋಳ್ಬಲದಿಂದ ಸೀಳು ಮುಚ್ಚುವುದಿಲ್ಲ. ಡೈವ್ ಮುಗಿದ ಮೇಲೆ ಇದೇ ಜನ, ತಿರುಪು ಕದಲುತ್ತಿಲ್ಲವೆಂದು ಸ್ಪ್ಯಾನರ್ ಹುಡುಕುತ್ತಾರೆ. ವಾಲ್ವ್ ಮುಚ್ಚಿ, ಪರ್ಜ್ ಬಟನ್ ಒತ್ತಿ ಒಳಗುಳಿದ ಗಾಳಿ ಬಿಟ್ಟರೆ ಅದು ಬೆರಳಿಗೇ ಬಿಚ್ಚಿಕೊಳ್ಳುತ್ತದೆ!

ಡಿನ್ ಬಳಗದಲ್ಲೂ ನನಗೆ ತಕರಾರಿದೆ. ಡಿನ್ ಕೊಂಡು ಅದಕ್ಕೆ ಯೋಕ್ ಅಡಾಪ್ಟರ್ ಸಿಕ್ಕಿಸಿಕೊಳ್ಳುವುದು ಯಾವ ನ್ಯಾಯ? ಫಸ್ಟ್ ಸ್ಟೇಜ್ ಮುಂದೆ ಚಾಚಿ ತಲೆಗೆ ಬಡಿಯುತ್ತದೆ, ಸೋರಲು ಹೊಸದೊಂದು ಸಂದು ಸಿಗುತ್ತದೆ, ಸಾಲದ್ದಕ್ಕೆ ಮತ್ತದೇ ಊರವರ ಓ-ರಿಂಗ್ ನಂಬಬೇಕು. ಎಷ್ಟೋ ವಾಲ್ವ್‌ಗಳಲ್ಲಿ ಯೋಕ್‌ಗಾಗಿ ಕೂರಿಸಿದ ಇನ್ಸರ್ಟ್ ಇರುತ್ತದೆ. ಅಲೆನ್ ಕೀಯಿಂದ ಬಿಚ್ಚಿದರೆ ಕೆಳಗೆ ಡಿನ್ ಥ್ರೆಡ್ ಸಿದ್ಧ. ಒಂದು ಕಡೆ ಸಿಲಿಂಡರ್ ಕೊಡುವವರು, ಇನ್ಸರ್ಟ್ ಕಳೆದುಹೋಗುತ್ತದೆಂದು ಬಿಚ್ಚಲು ಬಿಡಲೇ ಇಲ್ಲ. ಬರೆದಿಟ್ಟುಕೊಂಡು ಕೊಡಿ, ಮರಳಿ ಪಡೆಯಿರಿ. ಅಷ್ಟು ವ್ಯವಸ್ಥೆ ಮಾಡಲಾರದವರು ನೂರಾರು ಓ-ರಿಂಗ್‌ಗಳನ್ನು ನೋಡಿಕೊಳ್ಳುತ್ತಾರೆಂದು ಹೇಗೆ ನಂಬುವುದು?

ಅದಕ್ಕೇ ನನ್ನ ಡಬ್ಬಿಯಲ್ಲಿ ಎರಡೂ ಅಳತೆ ಇರುತ್ತವೆ: ಯೋಕ್ ವಾಲ್ವಿಗೆ 014, ಡಿನ್‌ಗೆ 112, ಎರಡೂ 90 ಡ್ಯೂರೋಮೀಟರಿನ ಗಟ್ಟಿ ರಬ್ಬರು. ಹಳೆಯದನ್ನು ಎಬ್ಬಿಸಲು ಎಟಿಎಂ ಕಾರ್ಡಿನಿಂದ ಚೂಪಾಗಿ ಕತ್ತರಿಸಿದ ಮೂಲೆ. ಪಿನ್ನು, ಚಾಕು ಬೇಡವೇ ಬೇಡ. ತೋಡಿನಲ್ಲಿ ಗೀರು ಬಿದ್ದರೆ ಹೊಸ ರಿಂಗೂ ಸೋರುತ್ತದೆ. ಆ ತೋಡಿನ ಮಹತ್ವ ಕಂಡುಕೊಂಡವರು ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕ ಸೇರಿದ ನೀಲ್ಸ್ ಕ್ರಿಸ್ಟೆನ್ಸನ್. ರಬ್ಬರು ಉಂಗುರವನ್ನು ಅದರ ದಪ್ಪಕ್ಕಿಂತ ಅಗಲವಾದ ತೋಡಿನಲ್ಲಿ ಕೂರಿಸಿದರೆ ಒತ್ತಡ ತಡೆಯುತ್ತದೆಂದು ತೋರಿಸಿ, 1939ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಪೇಟೆಂಟ್ ಪಡೆದರು. ಕುಸ್ತೋ ಮತ್ತು ಗಾನ್ಯಾನ್ ಅಕ್ವಾಲಂಗ್ ಸಿದ್ಧಪಡಿಸಿದ್ದು 1943ರಲ್ಲಿ. ಡೈವರ್‌ಗಳೆಲ್ಲ ಕುಸ್ತೋ ಹೆಸರು ಹೇಳುತ್ತಾರೆ. ಕ್ರಿಸ್ಟೆನ್ಸನ್ ಹೆಸರನ್ನೂ ಮೊದಲ ಪಾಠದಲ್ಲೇ ಕಲಿಸಬೇಕು. ಆಗಲಾದರೂ ತಿರುಪಿಗೆ ಕೈಹಾಕುವ ಮೊದಲು ಆ ಉಂಗುರದ ಕಡೆ ಒಮ್ಮೆ ಕಣ್ಣು ಹಾಯಿಸಿಯಾರು.