ಬಾಯಿ ಕಟ್ಟಲಾರದ ಇಲಿಗಳು

ಸಕ್ಕರೆ ಕಾಯಿಲೆ ಬಂದವರಿಗೆ ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಔಷಧಕ್ಕಿಂತ ಮೊದಲು ದೊರೆಯುವುದು ಬೈಗುಳ. ‘ಬಾಯಿ ಕಟ್ಟಲಿಲ್ಲ, ಉಣ್ಣಲಿ’ ಎಂಬ ತೀರ್ಪು ಕಟ್ಟೆಯ ಮೇಲೆಯೇ ಆಗಿಬಿಡುತ್ತದೆ. ಇತಿಹಾಸ ಕಲಿಸಿ ನಿವೃತ್ತರಾದ ನಾವು ಈ ತೀರ್ಪನ್ನು ಸಂಶಯಿಸತೊಡಗಿದುದು ಇಲಿಗಳ ಕಥೆಯನ್ನು ಓದಿದ ಮೇಲೆ.

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾಕ್ಸನ್ ಪ್ರಯೋಗಾಲಯವಿದೆ. ಅಲ್ಲಿ 1949ರಲ್ಲಿ ಎಷ್ಟು ತಿಂದರೂ ತಣಿಯದ ಸ್ಥೂಲ ಇಲಿಗಳು ಕಂಡುಬಂದವು. 1960ರ ದಶಕದಲ್ಲಿ ಅವುಗಳಂತೆಯೇ ಸ್ಥೂಲವಾದ, ತೀವ್ರ ಮಧುಮೇಹವುಳ್ಳ ಇಲಿಗಳು ದೊರೆತವು. ಡಗ್ಲಸ್ ಕೋಲ್ಮನ್ನರು ಎರಡೆರಡು ಇಲಿಗಳ ರಕ್ತ ಬೆರೆಯುವಂತೆ ಪಕ್ಕೆಗೆ ಪಕ್ಕೆ ಹೊಲಿದರು. (ಓದುವಾಗ ಮನಸ್ಸು ಮುದುಡಿತೆಂಬುದನ್ನು ಹೇಳಲೇಬೇಕು.) ಮಧುಮೇಹಿ ಇಲಿಗೆ ಜೋಡಿಸಿದ ಆರೋಗ್ಯವಂತ ಇಲಿ ಆಹಾರ ಬಿಟ್ಟು ಸತ್ತಿತು; ಸ್ಥೂಲ ಇಲಿಯನ್ನು ಜೋಡಿಸಿದಾಗಲೂ ಅದೇ ಗತಿ. ಆದರೆ ಆರೋಗ್ಯವಂತ ಇಲಿಯ ಸಂಗದಲ್ಲಿ ಸ್ಥೂಲ ಇಲಿ ಮಿತಾಹಾರಿಯಾಯಿತು. ‘ಸಾಕು’ ಎಂಬ ಸಂದೇಶವೊಂದು ರಕ್ತದಲ್ಲಿ ಹರಿಯುತ್ತದೆ, ಸ್ಥೂಲ ಇಲಿಯಲ್ಲಿ ಅದು ಹುಟ್ಟುವುದೇ ಇಲ್ಲ, ಮಧುಮೇಹಿಯಲ್ಲಿ ಧಾರಾಳವಾಗಿ ಹುಟ್ಟಿದರೂ ಕೇಳಿಸದು ಎಂದು ಕೋಲ್ಮನ್ನರು ತರ್ಕಿಸಿದರು. 1994ರಲ್ಲಿ ರಾಕೆಫೆಲ್ಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ನರ ತಂಡ ಆ ಸಂದೇಶದ ಜೀನನ್ನು ಪತ್ತೆಹಚ್ಚಿತು. ಸಂದೇಶಕ್ಕೆ ಲೆಪ್ಟಿನ್ ಎಂದು ಹೆಸರಾಯಿತು. ಅದನ್ನು ತಯಾರಿಸುವುದು ಕೊಬ್ಬೇ ಎಂಬುದು ಸ್ವಾರಸ್ಯ.

ನಮ್ಮನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಕೆಟ್ಟ ಜೀನು ಒಂದೇ ಆದರೂ ಒಂದು ತಳಿಯ ಇಲಿ ಹೆಚ್ಚು ಇನ್ಸುಲಿನ್ ಸ್ರವಿಸಿ ಸಕ್ಕರೆಯನ್ನು ಹದಕ್ಕೆ ತರುತ್ತದೆ. ಇನ್ನೊಂದು ತಳಿಯಲ್ಲಿ ಇನ್ಸುಲಿನ್ ಕೋಶಗಳೇ ಸೋತು ಅಳಿಯುತ್ತವೆ. ಅಂದರೆ ತೆರೆಮರೆಯಲ್ಲಿ ಬೇರೆ ಜೀನುಗಳಿವೆ. ತಳಿಗಳನ್ನು ಕೂಡಿಸಿ, ಮೊಮ್ಮಕ್ಕಳ ಪೀಳಿಗೆಯ ಒಂದೊಂದು ಇಲಿಯ ರಕ್ತದ ಸಕ್ಕರೆ, ಕೊಬ್ಬನ್ನು ಅಳೆದು, ವರ್ಣತಂತುಗಳ ಯಾವ ತುಣುಕು ಅವುಗಳೊಡನೆ ಸಾಗಿಬಂದಿದೆಯೆಂದು ನೋಡುತ್ತ ಅವನ್ನು ಅರಸುತ್ತಾರೆ.

ನಮ್ಮ ತಮ್ಮನೂ ನಾವೂ ಒಂದೇ ಒಲೆಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡು ಬೆಳೆದವರು. ಸಿಹಿಯ ಚಪಲ ಹಿರಿಯರಾದ ನಮಗೇ ಹೆಚ್ಚು. ಕಾಯಿಲೆ ಮಾತ್ರ ನಲವತ್ತರಲ್ಲೇ ಅವನನ್ನು ಹಿಡಿಯಿತು. ಒಂದೇ ತಂದೆತಾಯಿಯ ಮಕ್ಕಳಾದರೂ ಜೀನುಗಳ ಪಾಲು ಒಂದೇ ಅಲ್ಲವಷ್ಟೆ! ಕಾಲ್ಬೆರಳು ಕತ್ತರಿಸಿದ ವಾರದಲ್ಲೂ ನೆಂಟರು ಅವನಿಗೆ ಸಂಯಮವನ್ನೇ ಬೋಧಿಸಿದರು.

ಮನುಷ್ಯರಲ್ಲಿ ಒಂದೇ ಜೀನು ಕೆಟ್ಟು ಹೀಗಾಗುವುದು ವಿರಳ. ಸಾಮಾನ್ಯ ಮಧುಮೇಹದಲ್ಲಿ ಅನೇಕ ಜೀನುಗಳ ಜೊತೆ ಊಟ, ದುಡಿಮೆ, ವಯಸ್ಸೂ ಸೇರುತ್ತವೆ. ಆದ್ದರಿಂದ ವೈದ್ಯರ ಪಥ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಕಟ್ಟೆಯ ಮೇಲಿನ ತೀರ್ಪನ್ನಷ್ಟೇ ಒಪ್ಪುವುದಿಲ್ಲ.