ಸಾವಿನ ಸುದ್ದಿ ಒಯ್ದ ಕಾಲು

ಐವತ್ತು ಕಿಲೋಮೀಟರು ಓಡಿ ಬಂದೆ ಅಂತ ಹೇಳಿದಾಗ ಅಪ್ಪ ಕೇಳಿದ ಮೊದಲ ಮಾತು: "ಯಾರ್ ಸತ್ತಿದ್ರೋ?"

ಚೇಷ್ಟೆಗೆ ಕೇಳಿದ್ದಲ್ಲ. ಎಂಬತ್ತರ ಹತ್ತಿರ ಬಂದಿರುವ ಅಪ್ಪನ ಲೆಕ್ಕದಲ್ಲಿ ಮನುಷ್ಯ ಅಷ್ಟು ದೂರ ಓಡಬೇಕಾದರೆ ಯಾರೋ ಸತ್ತಿರಬೇಕು. ಅದೂ ನಮ್ಮ ಕೇರಿಯವರಲ್ಲ, ಊರೊಳಗಿನವರು. ಯಾರೂ ಸತ್ತಿಲ್ಲ, ಸುಮ್ಮನೆ ಓಡಿದ್ದು, ಅದಕ್ಕೆ ನಾನೇ ರೊಕ್ಕ ಕಟ್ಟಿ ಹೆಸರು ಬರೆಸಿದ್ದೆ ಅಂದಾಗ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. "ನಾ ಓಡುವಾಗ ಒಬ್ಬರೂ ರೊಕ್ಕ ಕೇಳಲಿಲ್ಲ ಬಿಡು" ಅಂತ ನಕ್ಕ.

ನಾನು ಆಳಂದ ತಾಲೂಕಿನ ಒಂದು ಹಳ್ಳಿ ಸಾಲಿಯಲ್ಲಿ ಪಿ.ಟಿ. ಮಾಸ್ತರ. ಹುಟ್ಟಿದ್ದು ಜೇವರ್ಗಿ ತಾಲೂಕಿನಲ್ಲಿ, ಭೀಮೆಯ ದಂಡೆಗೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ಅಂತ ಒಂದು ಓಟ ನಡೆಯುತ್ತದೆ. ಮ್ಯಾರಥಾನ್ ಅಂದರೆ 42 ಕಿಲೋಮೀಟರು 195 ಮೀಟರು. ಅದಕ್ಕೂ ಹೆಚ್ಚು ಓಡಿದರೆ ಅಲ್ಟ್ರಾ. ಡಾಂಬರು ರಸ್ತೆಯ ಮೇಲಲ್ಲ, ತೋಟದ ದಾರಿ, ಕಾಲುದಾರಿ, ಏರು, ಇಳುಕಲು. ಇಡೀ ಬದುಕನ್ನು ಸಪಾಟು ಎರಿ ಹೊಲದಲ್ಲಿ ಕಳೆದ ನನಗೆ ಏರು ಹತ್ತುವುದೇ ಗೊತ್ತಿರಲಿಲ್ಲ. ಮೂವತ್ತು ಕಿಲೋಮೀಟರು ದಾಟಿದ ಮೇಲೆ ತೊಡೆ ಕಲ್ಲಾಯಿತು. ಉಗುರೊಂದು ಕಿತ್ತು ಬಂತು. ಆದರೂ ಮುಗಿಸಿದೆ.

ಅಂಥ ಓಟ ಮುಗಿದ ಮೇಲೆ ಓಡಿದವರೆಲ್ಲ ಒಬ್ಬರಿಗೊಬ್ಬರು ಕೃತಜ್ಞತೆ ಹೇಳುತ್ತಾರೆ. ಅದು ಅಲ್ಲಿಯ ರೀತಿ. ನೀರು ಕೊಟ್ಟವರಿಗೆ, ದಾರಿ ತೋರಿದವರಿಗೆ, ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡ ಹೆಂಡತಿಗೆ, ಬೆಟ್ಟಕ್ಕೆ, ಮೋಡಕ್ಕೆ. ಕೆಲವರು ಅಳುತ್ತಾರೆ. ಮೊದಲು ನನಗೆ ಇದು ಉಂಡವರ ಸೋಗು ಅನಿಸಿತು. ಆಮೇಲೆ ನನಗೇ ಗಂಟಲು ಕಟ್ಟಿತು. ದಾರಿಯಲ್ಲಿ ನೀರಿನ ಠಾಣ್ಯದ ಕಡೆ ಒಬ್ಬ ಹುಡುಗಿ ನನ್ನ ಕೈಯಿಂದ ಬಾಟಲಿ ಇಸಗೊಂಡು, ತುಂಬಿ, ನನ್ನ ಕೈಗೇ ಕೊಟ್ಟು, ಬೆನ್ನಿನ ಮೇಲೆ ಕೈಯಿಟ್ಟು "ಹೋಗಿ ಸರ್, ಆಗುತ್ತೆ" ಅಂದಿದ್ದಳು. ಅವಳಿಗೆ ಅದೇನು ದೊಡ್ಡದಲ್ಲ. ದಿನಕ್ಕೆ ನೂರು ಜನರಿಗೆ ಹಾಗೆ ಮಾಡಿರಬೇಕು. ಓಡುವವನ ಕೈಗೆ ನೀರು ಕೈಯಿಂದ ಬರುವುದನ್ನು ನಮ್ಮ ಅಪ್ಪ ಎಷ್ಟು ಸಲ ಕಂಡಿದ್ದನೋ ಅಂತ ನಾನು ಉಳಿದ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಗೆಳೆಯರೆ, ನಿಮ್ಮಲ್ಲಿ ಹಲವರಿಗೆ ಈ ಚಾಕರಿ ಗೊತ್ತಿರುತ್ತದೆ. ಸಾಲಿ ಕಲಿತ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಊರಲ್ಲಿ ದೊಡ್ಡವರ ಮನೆಯಲ್ಲಿ ಜೀವ ಹೋದರೆ, ಬೀಗರು ಬಿಜ್ಜರಿಗೆ ಸುದ್ದಿ ಮುಟ್ಟಿಸುವುದು ನಮ್ಮ ಕೇರಿಯ ಕೆಲಸ. ಬಾಬಾಸಾಹೇಬರು ಅಸ್ಪೃಶ್ಯರ ಮೇಲೆ ಹೊರಿಸಿದ ಬಿಟ್ಟಿ ಕೆಲಸಗಳನ್ನು ಬರೆದಿಟ್ಟಲ್ಲಿ ಇದೂ ಒಂದು: ಎಷ್ಟೇ ದೂರದ ಊರಾಗಲಿ, ಸಾವಿನ ಸುದ್ದಿ ಮದುವೆಯ ಸುದ್ದಿ ಇವರೇ ಒಯ್ಯಬೇಕು. ನಡುರಾತ್ರಿ ಆಳು ಬಂದು ಗುಡಿಸಲ ಹೊರಗೆ ಕೂಗುತ್ತಿದ್ದ. ಅಪ್ಪ ಎದ್ದು ಧೋತರದ ಚುಂಗು ಸಿಗಿಸಿ, ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಬಡಿಗೆ ಹಿಡಿದು ಹೊರಡುತ್ತಿದ್ದ. ಒಂದು ಸಾವಿಗೆ ಒಂದು ಊರಲ್ಲ. ಮಗಳನ್ನು ಘತ್ತರಗಿ ಕಡೆ ಕೊಟ್ಟಿರುತ್ತಾರೆ, ತಂಗಿಯನ್ನು ಚೌಡಾಪುರದ ಕಡೆ, ಇನ್ನೊಬ್ಬಳನ್ನು ಆಳಂದ ಸೀಮೆಗೆ. ಭೀಮೆ ದಾಟಬೇಕು. ಆಮೇಲೆ ಗಾಣಗಾಪುರದ ಸಂಗಮದಿಂದ ಅಮರ್ಜೆಯ ದಂಡೆ ಹಿಡಿದು ಮೇಲಕ್ಕೆ ಹೋಗಬೇಕು. ಗಾಡಿ ದಾರಿ ಸುತ್ತಾಗುತ್ತದೆ ಅಂತ ಹೊಲದೊಳಗೇ ಹಾಯಬೇಕು.

ಹೊಲದೊಳಗೆ ಹಾಯುವುದು ಅಂದರೇನು ಅಂತ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಎರಿ ಮಣ್ಣು ಮೆತ್ತಿ ಮೆತ್ತಿ ಒಂದೊಂದು ಕಾಲು ಎರಡೆರಡು ಸೇರು ಭಾರ ಆಗುತ್ತದೆ. ಬ್ಯಾಸಗಿಯಲ್ಲಿ ಅದೇ ನೆಲ ಬಿರುಕು ಬಿಟ್ಟು ಕಾಲು ನುಂಗುತ್ತದೆ. ಎಲ್ಲದಕ್ಕಿಂತ ಕೆಟ್ಟದ್ದು ತೊಗರಿ ಕೂಳಿ. ತೊಗರಿ ಕೊಯ್ದ ಮೇಲೆ ನೆಲದಿಂದ ಗೇಣು ಎತ್ತರ ಉಳಿಯುವ ಕೊಯ್ತದ ಮೊನೆ ಅಂಗಾಲಲ್ಲಿ ಮೊಳೆಯ ಹಾಗೆ ಇಳಿಯುತ್ತದೆ. ಕತ್ತಲಲ್ಲಿ ಕಾಣುವುದೂ ಇಲ್ಲ. ಅಪ್ಪನ ಎಡಗಾಲಿನ ನಡುವೆ ಈಗಲೂ ಒಂದು ಗಂಟು ಇದೆ. ಒಳಗೆ ಮುರಿದು ಉಳಿದ ಕೂಳಿ ಅನ್ನುತ್ತಾನೆ. ನನ್ನ ಬೂಟಿನ ತಳದಲ್ಲಿ ಕಲ್ಲು ಚುಚ್ಚದ ಹಾಗೆ ಒಂದು ಪದರ ಇತ್ತು.

ನಮ್ಮ ಓಟದಲ್ಲಿ ಇಂತಿಷ್ಟು ತಾಸಿನೊಳಗೆ ಮುಟ್ಟದಿದ್ದರೆ ಹೊರಗೆ ಹಾಕುತ್ತಾರೆ. ಅಪ್ಪನಿಗೂ ಅಂಥದೇ ಒಂದು ಹೊತ್ತು ಇತ್ತು: ಮಣ್ಣಿನ ಹೊತ್ತು. ಬೀಗರು ಬಂದು ಮುಖ ನೋಡದೆ ಹೆಣ ಎತ್ತುವ ಹಾಗಿಲ್ಲ, ಬಹಳ ಹೊತ್ತು ಇಡುವ ಹಾಗೂ ಇಲ್ಲ. ತಡವಾದರೆ ಬೈಗಳು, ಕೆಲವೊಮ್ಮೆ ಏಟು. ಮುಟ್ಟಿದ ಮೇಲಾದರೂ ಏನು? ಬೀಗರ ಮನೆಯ ಮುಂದೆ ದೂರ ನಿಂತು ಕೂಗಿ ಹೇಳಬೇಕು. ಒಳಗೆ ಅಳು ಏಳುತ್ತದೆ. ಸುದ್ದಿ ತಂದವನನ್ನು ಮರೆಯುತ್ತಾರೆ. ಅದು ಸಹಜವೇ, ಸತ್ತವರ ದುಃಖ ಅವರಿಗೆ. ದನದ ಕೊಟ್ಟಿಗೆಯ ಮಗ್ಗುಲಿಗೆ ಕೂತು ನೀರು ಕೇಳಿದರೆ, ಯಾರಾದರೂ ಬಂದು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಅರ್ಧ ಮೊಳಕೈಯಿಂದ ಸೋರಿ ಹೋಗುತ್ತಿತ್ತು. ಸೆರಗಿಗೆ ಒಣ ರೊಟ್ಟಿ ಎಸೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಂವಿಧಾನದ 23ನೇ ವಿಧಿ ಬೇಗಾರ್ ಎಂಬ ಶಬ್ದವನ್ನೇ ಹೆಸರು ಹಿಡಿದು ನಿಷೇಧಿಸಿ 1950ರಲ್ಲಿ ಜಾರಿಗೆ ಬಂತು. ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು 1956ರಲ್ಲಿ ಕನ್ನಡದ ರಾಜ್ಯಕ್ಕೆ ಬಂತು. ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡುವ ಕಾಯಿದೆ 1961ರಲ್ಲಿ ಆಯಿತು. ಅಪ್ಪ ಮೀಸೆ ಬರುವ ಮೊದಲೇ ಓಡಲು ಸುರು ಮಾಡಿದವ, ಈ ಎಲ್ಲ ಕಾಯಿದೆಗಳ ಮೇಲೆ ಕಾಲಿಟ್ಟೇ ಇಪ್ಪತ್ತೈದು ವರ್ಷ ಓಡಿದ. ಅವನನ್ನು ಬಿಡಿಸಿದ್ದು ಕಾಯಿದೆಯಲ್ಲ, ಟೆಲಿಫೋನು.

ಇಷ್ಟು ಬರೆದು ಅಪ್ಪನಿಗೆ ಓದಿ ಹೇಳಿದೆ. ಅವನಿಗೆ ಪೂರಾ ಒಪ್ಪಿಗೆಯಾಗಲಿಲ್ಲ. "ನೀ ಬರೀ ನೋವೇ ಬರದಿ" ಅಂದ. "ಹಾದ್ಯಾಗ ಛಲೋ ಇರ್ತಿತ್ತಪಾ. ಬೆಳದಿಂಗಳಾಗ ಹೊಳಿ ದಂಡಿಗಿ ಒಬ್ಬನ ಓಡ್ಲತ್ತಿದ್ರ, ದೂರ ಸರಿ ಅನ್ನೋರು ಯಾರೂ ಇಲ್ಲ. ಊರು ಬಿಟ್ಟಿಂದ ಇನ್ನೊಂದ್ ಊರು ಮುಟ್ಟೂತನಾ ನಾ ಯಾರ ಆಳೂ ಅಲ್ಲ." ನನಗೆ ಇದು ಹೊಳೆದೇ ಇರಲಿಲ್ಲ. ಗಾಳಿ, ಚುಕ್ಕಿ, ತನ್ನ ಉಸಿರು ತನಗೇ ಕೇಳುವುದು ಇವನ್ನೆಲ್ಲ ಅಪ್ಪ ಹೇಳುತ್ತ ಹೋದಂತೆ, ಮಲೆನಾಡಿನಲ್ಲಿ ಓಟ ಮುಗಿಸಿದ ಡಾಕ್ಟರು ಇಂಜಿನಿಯರುಗಳು ಹೇಳಿದ್ದೇ ಮಾತು ಕೇಳಿದಂತಾಯಿತು. ಬಿಟ್ಟಿ ಓಟದೊಳಗೂ ತನ್ನದೊಂದು ಪಾಲನ್ನು ಅವನು ಕದ್ದಿಟ್ಟುಕೊಂಡಿದ್ದ.

ಗ್ರೀಸ್ ದೇಶದ ಕತೆ ನಮ್ಮ ಪಿ.ಟಿ. ಪುಸ್ತಕಗಳಲ್ಲೆಲ್ಲ ಇದೆ. ಮ್ಯಾರಥಾನ್ ಎಂಬ ಬಯಲಿನಿಂದ ಯುದ್ಧ ಗೆದ್ದ ಸುದ್ದಿ ಹೊತ್ತು ಒಬ್ಬ ಅಥೆನ್ಸಿಗೆ ಓಡಿ, ಸುದ್ದಿ ಹೇಳಿ, ಬಿದ್ದು ಸತ್ತನಂತೆ. ಆ ಕತೆಯ ಹೆಸರಿನಲ್ಲೇ 1896ರ ಒಲಿಂಪಿಕ್ಸಿನಿಂದ ಮ್ಯಾರಥಾನ್ ನಡೆದಿದೆ. ಅವನೂ ಸುದ್ದಿ ಒಯ್ದವನೇ. ಇದನ್ನು ಮಕ್ಕಳಿಗೆ ಹತ್ತಾರು ವರ್ಷ ಹೇಳಿಕೊಟ್ಟಿದ್ದೇನೆ.

ಇನ್ನೊಂದು ಕತೆ ಪುಸ್ತಕದಲ್ಲಿಲ್ಲ, ಅದನ್ನೂ ಹೇಳಬೇಕು. ದಕ್ಷಿಣ ಆಫ್ರಿಕಾದಲ್ಲಿ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ ಕಾಮ್ರೇಡ್ಸ್ ಎಂಬ ಓಟ, ಸುಮಾರು 90 ಕಿಲೋಮೀಟರು, 1921ರಲ್ಲಿ ಸುರುವಾದದ್ದು. 1935ರಲ್ಲಿ ರಾಬರ್ಟ್ ಎಂಟ್ಶಾಲಿ ಎಂಬ ಕಪ್ಪು ಜನಾಂಗದವನು ಅದನ್ನು ಒಂಬತ್ತೂವರೆ ತಾಸಿನಲ್ಲಿ ಓಡಿ ಮುಗಿಸಿದ. ಪಟ್ಟಿಯಲ್ಲಿ ಅವನ ಹೆಸರಿಲ್ಲ, ಯಾಕಂದರೆ ಆ ಓಟ ಬಿಳಿ ಗಂಡಸರದ್ದು. ಕಪ್ಪು ಜನರಿಗೂ ಹೆಂಗಸರಿಗೂ ಅದು ತೆರೆದದ್ದು 1975ರಲ್ಲಿ. 1989ರಲ್ಲಿ ಸ್ಯಾಮ್ ತ್ಷಬಲಾಲ ಗೆದ್ದಾಗ ಆ ಓಟಕ್ಕೆ ಮೊದಲ ಕಪ್ಪು ವಿಜೇತ ಸಿಕ್ಕ. ಎಂಟ್ಶಾಲಿಯ ಕತೆ ಹೇಳಿದಾಗ ಅಪ್ಪ ಕೇಳಿದ: "ಅವಗ ನೀರ್ ಯಾರ್ ಕೊಟ್ರೋ?"

ನನ್ನ ಓಟದ ಸುದ್ದಿ ಊರಿಗೆ ಮುಟ್ಟಿ ಒಂದು ಶಾಲು, ಒಂದು ಹಾರದ ಸನ್ಮಾನ ಆಯಿತು. ವೇದಿಕೆಯ ಮೇಲೆ ಊರಿನ ಹಿರಿಯರೊಬ್ಬರು ಎದ್ದು ನಿಂತು, "ಇವರಪ್ಪ ನಮ್ಮ ಮನ್ಯಾಗಿನ ರೊಟ್ಟಿ ತಿಂದು ಓಡಿದವ, ಅದೇ ರೊಟ್ಟಿ ಕಸುವು ಮಗನ ಕಾಲಾಗ ಬಂದದ, ಆ ಋಣ ಇವ ಮರೀಬಾರದು" ಅಂದರು. ಚಪ್ಪಾಳೆ ಬಿತ್ತು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೇ ನನಗೆ ಹೆಚ್ಚು ಉರಿದದ್ದು. ಅವರ ತಾಯಿ ತೀರಿದಾಗ ಒಂದೇ ರಾತ್ರಿ ಮೂರು ಊರಿಗೆ ಹೋಗಿ ಬಂದವನು ಅಪ್ಪ. ಬೀಗರೆಲ್ಲ ಬಂದು ಆ ತಾಯಿಯ ಮುಖ ನೋಡಿದ್ದು ಈ ಕಾಲಿನಿಂದ. ಋಣದ ಲೆಕ್ಕ ತೆಗೆದರೆ ಯಾರ ಖಾತೆಯಲ್ಲಿ ಎಷ್ಟು ಬರುತ್ತದೆ? ಮೈಕು ನನ್ನ ಕೈಗೆ ಬಂದಾಗ ಅಪ್ಪನಿಂದ ಕೇಳಿದ ಮೂವರ ಮಾತು ಹೇಳಿ ಕೂತೆ.

ಒಬ್ಬ, ಭೀಮೆಯ ಅಂಬಿಗ. ಹೊಳೆ ತುಂಬಿದ ರಾತ್ರಿಯಲ್ಲೂ ಅಪ್ಪ ದಂಡೆಯ ಮೇಲೆ ನಿಂತು ಕೂಗಿದರೆ ಎದ್ದು ಬರುತ್ತಿದ್ದ. ಹರಗೋಲಿನಲ್ಲಿ ಅಪ್ಪನನ್ನು ತನ್ನ ಮಗ್ಗುಲಿಗೇ ಕೂಡಿಸುತ್ತಿದ್ದ, ಒಂದು ದುಡ್ಡೂ ಕೇಳುತ್ತಿರಲಿಲ್ಲ. ಇನ್ನೊಬ್ಬಳು, ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾದ ಕಡೆ ಇದ್ದ ಒಬ್ಬ ಸಾಬರ ಮುದುಕಿ. ಜಾತಿ ಕೇಳದೆ ಲೋಟಾ ತುಂಬಿ ಕೈಗೆ ಕೊಟ್ಟವಳು. "ಲೋಟಾ ತುಟಿಗಿ ಹಚ್ಚಿ ಕುಡದೆ" ಅಂತ ಅಪ್ಪ ಇವತ್ತಿಗೂ ಹೇಳುತ್ತಾನೆ, ಎರಡೂ ಕೈಯಿಂದ ಹಿಡಿದು ತೋರಿಸುತ್ತಾನೆ. ಮೂರನೆಯವಳು ನಮ್ಮವ್ವ. ಅಪ್ಪ ಬಂದು ಕೂತರೆ ಬಿಸಿನೀರಲ್ಲಿ ಕಾಲು ಅದ್ದಿಸಿ, ಚಿಮಣಿ ಬೆಳಕಲ್ಲಿ ಸೂಜಿಯಿಂದ ಜಾಲಿಮುಳ್ಳು ತೆಗೆದು ಔಡಲೆಣ್ಣೆ ತಿಕ್ಕುತ್ತಿದ್ದಳು. ತಿಕ್ಕುತ್ತ ಬೈಯುತ್ತಿದ್ದಳು, ಸತ್ತವರನ್ನೂ ಬಿಡುತ್ತಿರಲಿಲ್ಲ. ಈಗ ಅವಳಿಲ್ಲ.

ಈ ಮೂವರ ಹೆಸರಿನಲ್ಲಿ ಆ ದಾರಿಯನ್ನು ಮತ್ತೆ ಹಿಡಿಯಬೇಕು ಅನಿಸಿತು. ಹೋದ ಬ್ಯಾಸಗಿಯಲ್ಲಿ ಸಾಲಿಯ ಆರು ಹುಡುಗರು, ಇಬ್ಬರು ಹುಡುಗಿಯರ ಜೊತೆ ಹುಡುಕಲು ಹೊರಟೆ. ಅಪ್ಪ ಮನೆಯಲ್ಲೇ ಕೂತು ನೆಲದ ಮೇಲೆ ಬಡಿಗೆಯಿಂದ ನಕಾಶೆ ಗೀರಿ ಕೊಟ್ಟಿದ್ದ: ಇಲ್ಲೊಂದು ಬೇವಿನಗಿಡ, ಇಲ್ಲೊಂದು ಹಾಳು ಬಾವಿ, ಇಲ್ಲಿ ನಾಯಿ ಬೆನ್ನು ಹತ್ತುತ್ತವೆ. ಅರ್ಧ ದಾರಿ ಇಲ್ಲ. ಎಷ್ಟೋ ಕಡೆ ಕಬ್ಬು ಬೆಳೆದು ನಿಂತಿದೆ. ಘತ್ತರಗಿ, ಗಾಣಗಾಪುರಗಳ ಹತ್ತಿರ ಹೊಳೆಗೆ ಬ್ಯಾರೇಜು ಸೇತುವೆಗಳಾಗಿವೆ, ಹರಗೋಲು ಕೇಳಿದರೆ ಹುಡುಗರು ನಗುತ್ತಾರೆ. ಬೇವಿನಗಿಡ ಸಿಕ್ಕಿತು. ಬಾವಿ ಮುಚ್ಚಿದ್ದಾರೆ. ಒಂದು ಹೊಲದಲ್ಲಿ "ಇಲ್ಲಿ ಹಾದಿ ಇಲ್ಲ" ಅಂತ ಒಬ್ಬರು ತಡೆದರು. ಅವರ ಮುಪ್ಪಾದ ತಂದೆ ಹೊರಸಿನ ಮೇಲಿಂದಲೇ "ಇತ್ತೋ, ಸುದ್ದಿ ತರೋರ ಹಾದಿ ಅದು" ಅಂದರು. ನಾವು ಹಾದು ಬಂದೆವು. ಚೌಡಾಪುರದ ತನಕ ಹೋಗಿ ಬಸ್ಸು ಹತ್ತಿದೆವು, ಹುಡುಗರಿಗೆ ಪರೀಕ್ಷೆ ಇತ್ತು.

ಉಳಿದದ್ದು ಚೌಡಾಪುರದಿಂದ ಆಳಂದದ ತನಕ. ಜೊತೆಗೆ ಬರುವ ಮಾಸ್ತರರು, ವಿದ್ಯಾರ್ಥಿಗಳು ಮೊದಲೇ ತಿಳಿಸಿದರೆ ರೊಟ್ಟಿಯ ಲೆಕ್ಕ ಹಾಕಲು ಅನುಕೂಲ. ಬೂಟು ದಪ್ಪ ತಳದ್ದು ಇರಲಿ. ತೊಗರಿ ಕೊಯ್ದ ಮೇಲೆ ಬೇಡ, ಹೊಲ ಹರಗಿ ಕೂಳಿ ಕಿತ್ತ ಮೇಲೆ ಹೋಗೋಣ ಅಂತ ಅಪ್ಪ ಹೇಳಿದ್ದಾನೆ.