ಎಂಬತ್ತರ ಮೇಲೆ ಓಡದ ಕಾರು

ರಾಣೆಬೆನ್ನೂರು ರೈಲು ನಿಲ್ದಾಣದ ಹೊರಗೆ ಬಾಡಿಗೆ ಕಾರುಗಳ ಸಾಲಿನಲ್ಲಿ ಈಗ ಅಂಬಾಸಿಡರ್ ಹುಡುಕಿದರೂ ಸಿಗುವುದಿಲ್ಲ. ಒಂದು ಕಾಲಕ್ಕೆ ಮದುವೆಯ ದಿಬ್ಬಣಕ್ಕೂ ಅದೇ, ಚುನಾವಣೆ ಪ್ರಚಾರಕ್ಕೂ ಅದೇ, ಬಾಣಂತಿಯನ್ನು ದವಾಖಾನೆಯಿಂದ ಮನೆಗೆ ತರುವುದಕ್ಕೂ ಅದೇ. 2014ರಲ್ಲಿ ಅದರ ತಯಾರಿಕೆ ನಿಂತುಹೋಯಿತು. ಅದು ನಿಲ್ಲುತ್ತಿದ್ದ ಜಾಗದಲ್ಲಿ ಇಂದು ಡಿಜೈರ್, ಎಟಿಯೋಸ್, ಔರಾದಂಥ ಚಿಕ್ಕ ಸೆಡಾನ್‌ಗಳು ನಿಂತಿವೆ. ಬಿಳಿಯ ಮೈ, ಹಳದಿ ನಂಬರ್ ಫಲಕ, ಕನ್ನಡಿಗೆ ನೇತುಬಿದ್ದ ಲಿಂಬೆಹಣ್ಣು, ಮೆಣಸಿನಕಾಯಿ.

ಜನವರಿಯ ಒಂದು ಬೆಳಿಗ್ಗೆ ಮೈಸೂರಿನಿಂದ ಬಂದ ನಾಲ್ವರ ಕುಟುಂಬವೊಂದು ಇಂಥದ್ದೇ ಒಂದು ಡಿಜೈರ್ ಅನ್ನು ದಿನದ ಬಾಡಿಗೆಗೆ ಗೊತ್ತು ಮಾಡಿತು. ವಯಸ್ಸಾದ ದಂಪತಿ, ಮಗ ಮತ್ತು ಸೊಸೆ. ಸಾಮಾನು ಸರಂಜಾಮನ್ನು ರಾಣೆಬೆನ್ನೂರಿನ ನೆಂಟರ ಮನೆಯಲ್ಲಿಟ್ಟು, ಬ್ಯಾಡಗಿ, ಹಾವೇರಿ ನೋಡಿಕೊಂಡು ರಾತ್ರಿಯ ರೈಲಿಗೆ ಮರಳುವುದೆಂದು ಲೆಕ್ಕ. ಮಗನಿಗೆ ತಾನೇ ಓಡಿಸುವ ಆಸೆ. ಆದರೆ ಚಾಲಕನಿಲ್ಲದೆ ಬಾಡಿಗೆಗೆ ಕೊಡುವ ಕಾರಿನ ಫಲಕವೇ ಬೇರೆ. ಅದು ಕಪ್ಪು, ಅದರ ಮೇಲೆ ಹಳದಿ ಅಕ್ಷರ. ಅಂಥದ್ದು ಆ ಸಾಲಿನಲ್ಲಿ ಒಂದೂ ಇರಲಿಲ್ಲ. ಇದ್ದದ್ದೆಲ್ಲ ಹಳದಿಯ ಮೇಲೆ ಕಪ್ಪು ಅಕ್ಷರದ ಟ್ಯಾಕ್ಸಿಗಳೇ. ಮಗ ಮುಂದಿನ ಸೀಟಿನಲ್ಲಿ ಕುಳಿತು, ಚಾಲಕನ ಕಾಲು ಕೈಗಳನ್ನು ಗಮನಿಸುವುದರಲ್ಲೇ ತೃಪ್ತಿಪಡಬೇಕಾಯಿತು.

ಬಾಲ ಕತ್ತರಿಸಿದ ಕಥೆ

ಈ ಕಾರಿನ ಹಿಂಭಾಗ ನೋಡಿದವರಿಗೆ ಏನೋ ಅವಸರದಲ್ಲಿ ಮುಗಿಸಿದಂತೆ ಕಾಣುತ್ತದೆ. ಅದಕ್ಕೆ ಕಾರಣ ತೆರಿಗೆ. 2006ರ ಕೇಂದ್ರ ಮುಂಗಡಪತ್ರದಲ್ಲಿ ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಅಬಕಾರಿ ಸುಂಕ ಇಳಿಸಲಾಯಿತು. 2008ರಲ್ಲಿ ಬಂದ ಮೊದಲ ಡಿಜೈರ್ ನಾಲ್ಕು ಮೀಟರ್ ಮೀರಿತ್ತು. 2012ರಲ್ಲಿ ಅದರ ಬಾಲ ಕತ್ತರಿಸಿ 3,995 ಮಿಲಿಮೀಟರಿಗೆ ತಂದರು. ಸುಂಕದ ಗೆರೆಗೆ ಕೇವಲ ಐದು ಮಿಲಿಮೀಟರ್ ಈಚೆ!

ಆ ಕತ್ತರಿಸಿದ ಡಿಕ್ಕಿಯೊಳಗೆ ಟ್ಯಾಕ್ಸಿಯವರು ಇನ್ನೊಬ್ಬ ಬಾಡಿಗೆದಾರನನ್ನು ಕೂರಿಸುತ್ತಾರೆ. ಅದೇ ಸಿ.ಎನ್.ಜಿ. ಸಿಲಿಂಡರ್. ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ಅನಿಲವನ್ನು ತುಂಬಿಕೊಂಡು ಅದು ಅಡ್ಡಲಾಗಿ ಮಲಗಿರುತ್ತದೆ. ಉಳಿದ ಜಾಗದಲ್ಲಿ ಎರಡು ಕೈಚೀಲ, ಒಂದು ನೀರಿನ ಕ್ಯಾನು ಹಿಡಿಸಿದರೆ ಹೆಚ್ಚು. ಸಾಮಾನನ್ನು ನೆಂಟರ ಮನೆಯಲ್ಲಿ ಬಿಟ್ಟದ್ದು ಒಳ್ಳೆಯದೇ ಆಯಿತು.

ಚಾಲಕನೇ ಮಾಲೀಕ. ಬ್ಯಾಂಕಿನ ಕಂತು ಇನ್ನೂ ತೀರಿಲ್ಲ. ಅನಿಲದಲ್ಲಿ ಓಡಿಸಿದರೆ ಖರ್ಚು ಕಡಿಮೆ ಬೀಳುತ್ತದೆ, ಕಂತು ಕಟ್ಟುವುದು ಆ ಉಳಿತಾಯದಲ್ಲಿಯೇ. ಆದರೆ ಉಳಿತಾಯಕ್ಕೂ ಒಂದು ಬೆಲೆಯುಂಟು. ಅನಿಲದಲ್ಲಿ ಎಂಜಿನ್ನಿನ ಶಕ್ತಿ ಪೆಟ್ರೋಲಿಗಿಂತ ಕಡಿಮೆ. ಮೇಲಾಗಿ ಬರೀ ಕಾರಿನ ತೂಕ ಒಂದು ಟನ್ನಿನ ಆಸುಪಾಸು, ಐದು ಜನ ಕುಳಿತರೆ ಅದರ ಮೂರನೇ ಒಂದು ಭಾಗ ಹೆಚ್ಚುತ್ತದೆ. ಬಲ ಅಷ್ಟೇ ಇದ್ದು ತೂಕ ಹೆಚ್ಚಿದರೆ ವೇಗ ಏರುವುದು ನಿಧಾನವಾಗುತ್ತದೆ ಎಂದು ನ್ಯೂಟನ್ ಹೇಳಿದ್ದನ್ನು ಈ ಚಾಲಕ ಪುಸ್ತಕದಲ್ಲಿ ಓದಿಲ್ಲ, ಬಲಗಾಲಿನಲ್ಲಿ ಕಲಿತಿದ್ದಾನೆ. ಎದುರಿನ ರಸ್ತೆ ಪೂರ್ತಿ ಖಾಲಿಯಿರುವುದು ಕಾಣದ ಹೊರತು ಆತ ಯಾವ ಟ್ರ್ಯಾಕ್ಟರನ್ನೂ ಹಿಂದಿಕ್ಕಲಿಲ್ಲ.

ಕೃಷ್ಣಮೃಗವೂ ಅಷ್ಟೇ

ಮೊದಲ ನಿಲುಗಡೆ ಕೃಷ್ಣಮೃಗಗಳ ಅಭಯಾರಣ್ಯ. 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರ್ ವಿಸ್ತಾರದ ಕುರುಚಲು ಕಾಡು, ಹುಲ್ಲುಗಾವಲು, ನೀಲಗಿರಿ ತೋಪು. ಟಾರು ಮುಗಿದು ಮಣ್ಣಿನ ದಾರಿ ಶುರುವಾದಲ್ಲಿ ಚಾಲಕ ಗಾಡಿ ನಿಲ್ಲಿಸಿದ. ಕಾರಿನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಸುಮಾರು 16 ಸೆಂಟಿಮೀಟರ್. ಗೇಣಿಗಿಂತಲೂ ಕಡಿಮೆ. ಹಿಂದೆ ಮೂವರು ಕುಳಿತಾಗ ಅದು ಇನ್ನಷ್ಟು ತಗ್ಗುತ್ತದೆ. ಮುಂದಕ್ಕೆ ನಡೆದೇ ಹೋಗಬೇಕಾಯಿತು.

ನಡೆದದ್ದಕ್ಕೆ ಫಲವೂ ಸಿಕ್ಕಿತು. ದೂರದಲ್ಲಿ ಹತ್ತಾರು ಹೆಣ್ಣುಗಳ ನಡುವೆ ತಿರುಚಿದ ಕೊಂಬಿನ ಒಂದು ಕಪ್ಪು ಗಂಡು ತಲೆ ಎತ್ತಿ ನೋಡಿತು. ಮರುಕ್ಷಣ ಇಡೀ ಹಿಂಡು ನೆಗೆನೆಗೆದು ಮಾಯ. ಕೃಷ್ಣಮೃಗ ಗಂಟೆಗೆ 80 ಕಿ.ಮೀ. ವೇಗದವರೆಗೂ ಓಡಬಲ್ಲದು ಎನ್ನುತ್ತಾರೆ. ಇದನ್ನು ಕೇಳಿ ಚಾಲಕ ನಕ್ಕ. "ಹಂಗಾರ ಅದೂ ನಮ್ಮ ಗಾಡೀನೂ ಒಂದ ನೋಡ್ರಿ. ಇದೂ ಎಂಬತ್ತರ ಮ್ಯಾಲ ಹೋಗಂಗಿಲ್ರಿ."

ಮಗನಿಗೆ ಇದು ಹೊಸ ಸುದ್ದಿ. ಟ್ಯಾಕ್ಸಿಗಳಿಗೆ ವೇಗನಿಯಂತ್ರಕ ಕಡ್ಡಾಯ. 80 ಮುಟ್ಟಿದೊಡನೆ ಅದು ಎಂಜಿನ್ನಿನ ಉಸಿರು ಹಿಡಿಯುತ್ತದೆ. ಆಮೇಲೆ ಎಷ್ಟು ತುಳಿದರೂ ಮುಳ್ಳು ಮೇಲೇರುವುದಿಲ್ಲ. "ಹೆದ್ದಾರಿಯಲ್ಲಿ ಎಂಬತ್ತೆಂದರೆ ಎತ್ತಿನ ಗಾಡಿ" ಎಂದು ಮಗ ಗೊಣಗಿದ.

ಹುರುಳಿಯ ಹಾಸು, ಮೆಣಸಿನ ಘಾಟು

ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಹೋದರೆ ಕದರಮಂಡಲಗಿ ಸಿಗುತ್ತದೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಆಂಜನೇಯರನ್ನು ಒಂದೇ ದಿನದಲ್ಲಿ ದರ್ಶನ ಮಾಡಿದರೆ ಕಾಶಿಗೆ ಹೋದ ಪುಣ್ಯ ಬರುತ್ತದೆ ಎಂಬ ನಂಬಿಕೆ ಈ ಸೀಮೆಯಲ್ಲಿದೆ. ಬಸ್ಸು ಕಾಯುತ್ತ ಕುಳಿತರೆ ಸೂರ್ಯಾಸ್ತದೊಳಗೆ ಮೂರೂ ಮುಗಿಯುವುದು ಕಷ್ಟ. ಶ್ರಾವಣದ ಶನಿವಾರಗಳಲ್ಲಿ ಟ್ಯಾಕ್ಸಿಗೆ ಬೇಡಿಕೆ ಬರುವುದು ಈ ಪುಣ್ಯದ ಕಾರಣದಿಂದಲೇ ಎಂದು ಚಾಲಕ ಹೇಳಿದ.

ಈ ಒಳದಾರಿಯ ದೊಡ್ಡ ಅಪಾಯ ಗುಂಡಿಯಲ್ಲ, ಒಕ್ಕಣೆ. ಸುಗ್ಗಿಯಲ್ಲಿ ಕಣ ಮಾಡುವ ತಾಪತ್ರಯ ಯಾರಿಗೆ ಬೇಕು ಎಂದು ರೈತರು ಹುರುಳಿ, ಜೋಳವನ್ನು ಟಾರಿನ ಮೇಲೆಯೇ ಹಾಸುತ್ತಾರೆ. ಓಡಾಡುವ ಗಾಡಿಗಳೇ ರೋಣಗಲ್ಲು. ಲಾರಿ, ಬಸ್ಸುಗಳಿಗೆ ತೊಂದರೆಯಿಲ್ಲ. ಆದರೆ ತಗ್ಗು ಹೊಟ್ಟೆಯ ಕಾರಿಗೆ ಒಣ ಹುರುಳಿ ಬಳ್ಳಿ ಚಕ್ರದ ಅಚ್ಚಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಹೊಗೆಕೊಳವೆಯ ಬಿಸಿಗೆ ತಾಗಿದರೆ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಡ. ಹೀಗೆ ಸುಟ್ಟು ಕರಕಲಾದ ಕಾರುಗಳ ಸುದ್ದಿ ಪ್ರತಿ ಸುಗ್ಗಿಯಲ್ಲೂ ಒಂದಲ್ಲ ಒಂದು ಕಡೆಯಿಂದ ಬರುತ್ತದೆ. ಚಾಲಕ ಪ್ರತಿ ಹಾಸಿನ ಮುಂದೆಯೂ ಗಾಡಿಯನ್ನು ಅಂಚಿಗೆ ಇಳಿಸಿ, ದಾಟಿದ ಮೇಲೆ ಇಳಿದು ಬಗ್ಗಿ ನೋಡಿ, ಅಂಟಿದ ಬಳ್ಳಿಯನ್ನು ಕಿತ್ತು ಹಾಕಿದ. ಐದು ಬಾರಿ ಇಳಿದ, ಐದು ಬಾರಿ ಹತ್ತಿದ. ರೈತರೊಂದಿಗೆ ಒಂದು ಮಾತೂ ಜಗಳವಾಡಲಿಲ್ಲ. "ನಮ್ಮ ಮನ್ಯಾಗೂ ಹಿಂಗ ಹಾಕ್ತಾರ್ರಿ" ಎಂದ.

ಬ್ಯಾಡಗಿ ಸಮೀಪಿಸುತ್ತಿರುವುದನ್ನು ಮೈಲಿಗಲ್ಲಿಗಿಂತ ಮೊದಲು ಮೂಗು ಹೇಳುತ್ತದೆ. ಚಾಲಕ ಕಿಟಕಿಗಳನ್ನೆಲ್ಲ ಏರಿಸಿ, ಹೊರಗಿನ ಗಾಳಿ ಬಾರದಂತೆ ಎ.ಸಿ.ಯ ಗುಂಡಿಯೊಂದನ್ನು ಒತ್ತಿದ. ಒಳಗಿನ ಗಾಳಿಯೇ ಸುತ್ತತೊಡಗಿತು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಅದಕ್ಕೇ ಅದಕ್ಕೆ ಲೋಕಖ್ಯಾತಿ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗಿಡ್ಡನೆಯ, ದುಂಡು ಮೈಯ ಡಬ್ಬಿ. ಉದ್ದನೆಯ, ಸುಕ್ಕುಸುಕ್ಕಾದ ಕಡ್ಡಿ. ಆದರೆ ಲಕ್ಷಗಟ್ಟಲೆ ಚೀಲ ಒಂದೆಡೆ ಸೇರಿದಾಗ ಕಡಿಮೆ ಖಾರವೂ ಸಾಕಷ್ಟಾಗುತ್ತದೆ. ಬಾಗಿಲು ತೆರೆದದ್ದೇ ತಡ, ಮಾವ ಸೊಸೆ ಇಬ್ಬರೂ ಜೊತೆಯಾಗಿ ಸೀನಿದರು.

ಮಾರುಕಟ್ಟೆಯ ಅಂಗಳ ಕೆಂಪು ಕಡಲಿನಂತಿತ್ತು. ಆ ಕೆಂಪಿನ ಹಿಂದೆ ಕಣ್ಣೀರೂ ಉಂಟು. 2024ರ ಮಾರ್ಚ್ 11ರಂದು ದರ ಕುಸಿದಾಗ ಸಿಟ್ಟಿಗೆದ್ದ ರೈತರು ಇಲ್ಲಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಚಾಲಕ ತನ್ನ ಗಾಡಿಯನ್ನು ಈಗಲೂ ಅಂಗಳದಿಂದ ದೂರ, ಮೂತಿ ರಸ್ತೆಯ ಕಡೆ ಇರುವಂತೆ ನಿಲ್ಲಿಸುತ್ತಾನೆ. ಅಂದು ಸುಟ್ಟ ಗಾಡಿಗಳ ಚಿತ್ರ ಅವನ ಕಣ್ಣಿನಿಂದ ಹೋಗಿಲ್ಲ. ಕಂತಿನ ಗಾಡಿ ತಾನೆ?

ಹೆದ್ದಾರಿಯಲ್ಲಿ

ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಬಂದರೆ ಪುಣೆ-ಬೆಂಗಳೂರು ಹೆದ್ದಾರಿ. ಹಳಬರ ಬಾಯಲ್ಲಿ ಇನ್ನೂ ನಾಲ್ಕನೇ ನಂಬರು, ಈಗಿನ ಫಲಕಗಳಲ್ಲಿ 48. ಇಲ್ಲಿ ಕಾರಿನ ಸ್ವಭಾವವೇ ಬದಲಾಯಿತು. ಒಳದಾರಿಯಲ್ಲಿ ಏದುಸಿರು ಬಿಡುತ್ತಿದ್ದ ಎಂಜಿನ್ನು ಐದನೇ ಗೇರಿನಲ್ಲಿ ಗುಂಯ್ ಎಂದು ಹಾಡತೊಡಗಿತು. 80ಕ್ಕೆ ಮುಳ್ಳು ನಿಂತಿತು. ಹಿಂದಿನ ಸೀಟಿನಲ್ಲಿ ಅಜ್ಜಿಗೆ ನಿದ್ದೆ ಬಂತು. ಪಕ್ಕದಲ್ಲಿ ದೊಡ್ಡ ಕಾರುಗಳು ಸುಯ್ಯೆಂದು ದಾಟಿ ಹೋದವು. ಒಂದೊಂದು ದಾಟಿದಾಗಲೂ ಮಗನ ಮುಖ ಸಣ್ಣದಾಯಿತು.

ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದ ಊರು. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದದ್ದು ಇಲ್ಲಿಯೇ. ನೆಲಮಟ್ಟಕ್ಕಿಂತ ಕೆಳಗೆ, ಪಶ್ಚಿಮಕ್ಕೆ ಮುಖ ಮಾಡಿ ನಿಂತ ಚಾಲುಕ್ಯರ ಕಾಲದ ಸಿದ್ಧೇಶ್ವರ ದೇವಾಲಯದಲ್ಲಿ ಸಂಜೆಯ ಬಿಸಿಲು ಬಳಪದ ಕಲ್ಲಿನ ಕಂಬಗಳ ಮೇಲೆ ಬಿದ್ದಿತ್ತು. ಅದನ್ನು ನೋಡುತ್ತ, ಊರಿನ ಹೆಸರಾಂತ ಏಲಕ್ಕಿ ಹಾರವೊಂದನ್ನು ಕೊಳ್ಳುತ್ತ ಹೊತ್ತು ಹೋದದ್ದು ತಿಳಿಯಲಿಲ್ಲ. ಹೊರಟಾಗ ಕತ್ತಲಾಗಿತ್ತು. ರಾಣೆಬೆನ್ನೂರಿಗೆ ಸುಮಾರು 30 ಕಿ.ಮೀ., ನೆಂಟರ ಮನೆಯಿಂದ ಸಾಮಾನು ತರಬೇಕು, ಆಮೇಲೆ ರೈಲು.

"ಈ ನಿಯಂತ್ರಕವನ್ನು ಕಳಚಲು ಆಗುವುದಿಲ್ಲವೇ? ಸುಮಾರು ಜನ ಮಾಡಿಸಿರುತ್ತಾರಂತೆ" ಎಂದ ಮಗ. ಚಾಲಕ ಉತ್ತರಿಸಲಿಲ್ಲ. ಉತ್ತರಿಸಿದವರು ಹಿಂದೆ ಕುಳಿತ ತಂದೆ. ಅವರು ಬೆರಳೆಣಿಸಿ ಲೆಕ್ಕ ಹೇಳಿದರು. 30 ಕಿ.ಮೀ.ಗೆ 80ರ ವೇಗದಲ್ಲಿ ಇಪ್ಪತ್ತೆರಡೂವರೆ ನಿಮಿಷ, 100ರಲ್ಲಿ ಹದಿನೆಂಟು. ಉಳಿಯುವುದು ನಾಲ್ಕೂವರೆ ನಿಮಿಷ.

ಈ ನಾಲ್ಕೂವರೆ ನಿಮಿಷಕ್ಕೆ ತೆರಬೇಕಾದ ಬೆಲೆ ಏನು? ಅಡ್ಡಿಯೊಂದು ಕಂಡ ಮೇಲೆ ಕಾಲು ಬ್ರೇಕು ಒತ್ತಲು ಒಂದು ಸೆಕೆಂಡು ಬೇಕು. ಒಣ ರಸ್ತೆ, ಒಳ್ಳೆಯ ಟೈರು ಇದ್ದರೂ 80ರಲ್ಲಿ ಓಡುವ ಕಾರು ಪೂರ್ತಿ ನಿಲ್ಲಲು ಸುಮಾರು 57 ಮೀಟರ್ ತೆಗೆದುಕೊಳ್ಳುತ್ತದೆ. 100ರಲ್ಲಿ ಸುಮಾರು 83. ವೇಗ ಏರಿದ್ದು ಕಾಲು ಭಾಗ. ಆದರೆ ಚಲನಶಕ್ತಿ ವೇಗದ ವರ್ಗದಂತೆ ಏರುವುದರಿಂದ ಅದು ಒಂದೂವರೆ ಪಟ್ಟು ಮೀರಿತು. ಇನ್ನೂ ಒಂದು ಮಾತಿದೆ. ಮೊದಲನೆಯ ಕಾರು ನಿಂತುಬಿಟ್ಟ ಆ 57ನೆಯ ಮೀಟರಿನಲ್ಲಿ ಎರಡನೆಯದು ಇನ್ನೂ ಗಂಟೆಗೆ 68 ಕಿ.ಮೀ. ವೇಗದಲ್ಲಿರುತ್ತದೆ. ಅಲ್ಲಿ ದೀಪವಿಲ್ಲದ ಲಾರಿಯೊಂದು ನಿಂತಿದ್ದರೆ ಒಬ್ಬರು ಬೆವರು ಒರೆಸಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಒರೆಸಿಕೊಳ್ಳಲು ಕೈ ಉಳಿದಿರುವುದಿಲ್ಲ.

ಚಾಲಕ ಆಗ ಬಾಯಿ ಬಿಟ್ಟ. ಇದೇ ಹೆದ್ದಾರಿಯ ಮೇಲೆ, ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, 2024ರ ಜೂನ್ 28ರ ನಸುಕಿನಲ್ಲಿ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಒಂದು ಹಿಂದಿನಿಂದ ಡಿಕ್ಕಿ ಹೊಡೆಯಿತು. ಸವದತ್ತಿ ಎಲ್ಲಮ್ಮನ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು, ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಯವರು. ಹದಿಮೂರು ಜನ ಸತ್ತರು. "ಅವತ್ತಿನಿಂದ ನಾ ಆ ಜಾಗಾ ದಾಟೂವಾಗ ಅರವತ್ತಕ್ಕ ಇಳಸ್ತೀನ್ರಿ" ಎಂದ ಚಾಲಕ. ಇಳಿಸಿದ ಕೂಡ.

ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಎಡಗಡೆ ರಸ್ತೆಯಂಚಿನಲ್ಲಿ ಲಾರಿಗಳು ಅಲ್ಲೊಂದು ಇಲ್ಲೊಂದು ನಿಂತಿದ್ದವು. ಕೆಲವಕ್ಕೆ ಹಿಂದೆ ಕೆಂಪು ಪಟ್ಟಿ ಮಿನುಗುತ್ತಿತ್ತು, ಒಂದಕ್ಕೆ ಮಣ್ಣು ಮೆತ್ತಿ ಏನೂ ಕಾಣುತ್ತಿರಲಿಲ್ಲ. ಮೆಣಸಿನಕಾಯಿ ಹಗುರ, ಆದರೆ ಜಾಗ ಬಹಳ ತಿನ್ನುತ್ತದೆ. ಅದನ್ನು ಹೇರಿದ ಗಾಡಿಯ ಚೀಲಗಳು ಬಾಲದ ದೀಪಗಳ ಆಚೆಗೂ ಚಾಚಿಕೊಂಡಿದ್ದವು.

ಸ್ವಲ್ಪ ಹೊತ್ತಿನ ಮೇಲೆ ಮಗ ಹಿಂದಿರುಗಿ ನೋಡಿದ. ತಂದೆ, ತಾಯಿ, ಹೆಂಡತಿ ಮೂವರೂ ಬೆಲ್ಟಿಲ್ಲದೆ ಕುಳಿತಿದ್ದರು. ಟ್ಯಾಕ್ಸಿಗೆ ಹೊಸ ಸೀಟು ಹೊದಿಕೆ ಹಾಕಿಸುವಾಗ ಹಿಂದಿನ ಬೆಲ್ಟಿನ ಕೊಂಡಿಗಳು ಅದರ ಅಡಿ ಸೇರಿಹೋಗಿದ್ದವು. ಬೆಳಗಿನಿಂದ ಯಾರೂ ಅದನ್ನು ಕೇಳಿರಲಿಲ್ಲ, ಚಾಲಕನೂ ಹೇಳಿರಲಿಲ್ಲ. ಮುಂದಿನ ಬಂಕಿನಲ್ಲಿ ಗಾಡಿ ನಿಲ್ಲಿಸಿ ಇಬ್ಬರೂ ಸೇರಿ ಹೊದಿಕೆಯ ದಾರ ಬಿಚ್ಚಿದರು. ಮೂರೂ ಕೊಂಡಿಗಳನ್ನು ಹೊರತೆಗೆದು, ಅಜ್ಜಿಗೆ ಬೆಲ್ಟು ಕಟ್ಟುವಷ್ಟರಲ್ಲಿ ಆರು ನಿಮಿಷ ಹೋಯಿತು.

ಆದರೂ ರೈಲು ತಪ್ಪಲಿಲ್ಲ. ನಿಲ್ದಾಣದಲ್ಲಿ ಬಾಡಿಗೆ ಎಣಿಸಿಕೊಂಡ ಚಾಲಕ, ಗಾಡಿಯನ್ನು ಮತ್ತೆ ಸಾಲಿಗೆ ಹಚ್ಚಿ, ಹಿಂದಿನ ಸೀಟಿಗೆ ಬಗ್ಗಿ ಹೊದಿಕೆಯ ದಾರವನ್ನು ಬಿಗಿಯತೊಡಗಿದ. ಈ ಸಲ ಕೊಂಡಿಗಳು ಮೇಲೆಯೇ ಉಳಿಯುವಂತೆ.